ವೆಬರ್ಸ್ ಫೋರ್ಕ್ ಬೆಳೆದ ಬಗೆ

ಆಗಸ್ಟ್ 11, 1997. ಪೊವೇ

ಇವತ್ತು ಇವರು ಮತ್ತೆ ಓಡಿದರು. ಊಟ ಮುಗಿಸಿ ನಾನು ಪಾತ್ರೆ ತೊಳೆಯುತ್ತಿದ್ದೆ. ಎಲ್ಲೋ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದಿರಬೇಕು, ಫೈರ್ ಇಂಜಿನ್ ಸೈರನ್ ಹಾಕಿಕೊಂಡು ಹೋಯಿತು. ಕೈಯ ಸೋಪು ತೊಳೆದುಕೊಳ್ಳುವಷ್ಟರಲ್ಲಿ ಮುಂಬಾಗಿಲು ಹಾರುಹೊಡೆದಿತ್ತು. ಅರವತ್ತಾರು ವರ್ಷದ ಗಂಡಸು, ಬರಿಗಾಲು, ಕೈಯಲ್ಲಿ ಟಿವಿ ರಿಮೋಟು. ಡಾಕ್ಟರಿಕೆ ಬಿಟ್ಟು ವರ್ಷಗಳಾದರೂ ಅದನ್ನೇ ಸ್ಟೆತಸ್ಕೋಪ್ ಅಂದುಕೊಂಡರೋ ಏನೋ. ಮೊಣಕಾಲು ನೋವೆಂದು ಊಟದ ಮೇಜಿನವರೆಗೆ ಬರಲು ಗೊಣಗುವವರು ಸೈರನ್ ಕೇಳಿದರೆ ಕುದುರೆ.

ಮೂಲೆಮನೆಯ ಮುಂದೆ ಅಂಗಿಯ ತೋಳು ಹಿಡಿದು ನಿಲ್ಲಿಸಿದೆ. ಮೈ ಗಡಗಡ ನಡುಗುತ್ತಿತ್ತು. "ಎಷ್ಟು ಜನ ಹೊರಗೆ ಬಂದ್ರು?" ಎಂದು ಕೇಳಿದರು. ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಅತ್ತರು. "ಸುಗಂಧಿ, ಗಂಜಿ ತಂದಿಯಾ?" ಎಂದರು. "ತಂದಿದ್ದೇನೆ, ಬನ್ನಿ" ಎಂದು ಕೈಹಿಡಿದು ಕರೆತಂದೆ. ಎದುರುಮನೆಯ ಬೆಂಗಳೂರಿನ ಹುಡುಗಿ ವಂದನಾ ಕಿಟಕಿಯಿಂದ ನೋಡುತ್ತಿದ್ದಳು. ನೋಡಲಿ.

ವುಡ್‌ಲ್ಯಾಂಡ್ ಹಿಲ್ಸ್‌ನಿಂದ ಮಗ ದೀಪೇಶ್ ಫೋನ್ ಮಾಡಿದ. ವಂದನಾ ಮೊದಲೇ ವರದಿ ಒಪ್ಪಿಸಿದ್ದಳು ಎಂದು ಕಾಣುತ್ತದೆ. ಅವನ ಮನೆಯ ಹತ್ತಿರ ಮರೆವಿನ ರೋಗಿಗಳನ್ನು ನೋಡಿಕೊಳ್ಳುವ ಒಂದು ಹೋಮ್ ಇದೆಯಂತೆ, ಜಾಗ ಖಾಲಿಯಾಗುವಂತಿದೆಯಂತೆ, ಅಪ್ಲೈ ಮಾಡಿಬಿಡೋಣವೇ ಎಂದು ಕೇಳಿದ. ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ನಾನು ಒಂದೇ ಮಾತು ಹೇಳಿದೆ: "ಅವರಿಗೆ ನನ್ನ ಗುರುತು ಇರುವಷ್ಟು ದಿನ ಈ ಮನೆ. ಗುರುತು ಹೋದ ದಿನ ನೀನು ಹೇಳಿದ ಕಡೆ." ಅವನು ಒಪ್ಪಿದ. ಒಪ್ಪದೆ ಏನು ಮಾಡಿಯಾನು.

ಆಗಸ್ಟ್ 19

ಸಂಜೆಯಾದರೆ ಇವರಿಗೆ ಕ್ಲಿನಿಕ್ಕಿನ ಬೀಗದ ಕೈ ಬೇಕು. ಡ್ರಾಯರು, ಸಕ್ಕರೆ ಡಬ್ಬಿ, ನನ್ನ ಬ್ಲೌಸುಗಳ ನಡುವೆ, ಎಲ್ಲ ಕಡೆ ಹುಡುಕುತ್ತಾರೆ. ಇವತ್ತು ನನಗೆ ತಾಳ್ಮೆ ಕೆಟ್ಟಿತು. "ಕ್ಲಿನಿಕ್ಕು ಇನ್ನೂ ಕಟ್ಟಲೇ ಇಲ್ಲ. ಮೊದಲು ರೈಲು ಬರಲಿ" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಅವರು ಹುಡುಕುವುದನ್ನು ಬಿಟ್ಟು ಕುರ್ಚಿಯಲ್ಲಿ ಕೂತರು. "ರೈಲು ಯಾವಾಗ ಬರ್ತದೆ?" ಎಂದು ಕೇಳಿದರು.

ಸರಿ, ಹೇಳಿದೆ. ನಾವು ಹಿಂದೆ ಇದ್ದ ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಮೊದಲು ಒಂದು ಹಳ್ಳ, ನಾಲ್ಕು ಮರದ ಗುಡಿಸಲು ಮಾತ್ರ ಇದ್ದದ್ದು. ಹಳ್ಳ ಕವಲಾಗುವ ಜಾಗದಲ್ಲಿ ವೆಬರ್ ಎಂಬವನು ಜೋಳ ಬೆಳೆಯುತ್ತಿದ್ದ, ಊರಿಗೆ ವೆಬರ್ಸ್ ಫೋರ್ಕ್ ಎಂದು ಹೆಸರು ಬಂದದ್ದು ಹಾಗೆ. ಒಂದು ದಿನ ದುರ್ಬೀನು ಹಿಡಿದು ಸರ್ವೆಯವರು ಬಂದರು. ಮೋಜಿಗಾಗಿ ಯಾರೂ ಬೆಟ್ಟ ಕೊರೆಯುವುದಿಲ್ಲ, ಅವರಿಗೆ ಬೆಟ್ಟದೊಳಗಿನ ಕಲ್ಲಿದ್ದಲ ವಾಸನೆ ಬಡಿದಿತ್ತು. ಕಲ್ಲಿದ್ದಲು ಹೊರಗೆ ಬರಲು ರೈಲು ಬೇಕು, ರೈಲು ಓಡಲು ಕಲ್ಲಿದ್ದಲು ಬೇಕು. ಎರಡೂ ಒಂದನ್ನೊಂದು ಎಳೆದುಕೊಂಡು ಬಂದವು. ವೆಬರನ ಜೋಳದ ಗದ್ದೆಯ ಮೇಲೆಯೇ ಹಳಿ ಬಿತ್ತು.

ಇಷ್ಟೆಲ್ಲ ನನಗೆ ಹೇಳಿದವಳು ನೆರೆಮನೆಯ ಕ್ಲೈನ್ ಅಜ್ಜಿ. ಉಡುಪಿಯಿಂದ ಹೋದ ಹೊಸದರಲ್ಲಿ ನನಗೆ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ. ಅವಳು ಜಗಲಿಯಲ್ಲಿ ಬೀನ್ಸ್ ಬಿಡಿಸುತ್ತ ಊರಿನ ಕಥೆ ಹೇಳುತ್ತಿದ್ದಳು, ನಾನೂ ಒಂದು ಬುಟ್ಟಿ ಎಳೆದುಕೊಂಡು ಕೂರುತ್ತಿದ್ದೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಆ ಮಸಿ ಹಿಡಿದ ಊರಿನ ಮೇಲೆ ನನಗೆ ಕವಡೆಯಷ್ಟೂ ಪ್ರೀತಿ ಇರಲಿಲ್ಲ. ಈಗ ನೋಡಿದರೆ ಎಲ್ಲ ನೆನಪಿದೆ.

ಇವರು ಏಳದೆ ಕೇಳಿದರು. ಬೀಗದ ಕೈಯ ಸುದ್ದಿ ಎತ್ತಲಿಲ್ಲ.

ಸೆಪ್ಟೆಂಬರ್ 3

ದಿನವೂ ಸಂಜೆ ಕಥೆ. ಕಂಪೆನಿ ಬೆಟ್ಟದ ಬುಡದಲ್ಲಿ ಮನೆಗಳನ್ನು ಕಟ್ಟಿತು, ಎಲ್ಲಕ್ಕೂ ಒಂದೇ ನಕ್ಷೆ, ಒಂದೇ ಬಣ್ಣ. ಕುಡಿದು ಬಂದವನು ಪಕ್ಕದ ಮನೆಯಲ್ಲಿ ಮಲಗಿ ಏಳುತ್ತಿದ್ದನಂತೆ. ಇದನ್ನು ಹೇಳಿದರೆ ಇವರು ನಗುತ್ತಾರೆ, ಎಷ್ಟು ಸಲ ಹೇಳಿದರೂ ನಗುತ್ತಾರೆ. ಇಟಲಿಯವರಿಗೆ ಒಂದು ಸಾಲು, ಹಂಗೇರಿಯವರಿಗೆ ಒಂದು, ಕರಿಯರಿಗೆ ಹಳ್ಳದ ಆಚೆ. ಅಂಗಡಿ ಕಂಪೆನಿಯದು, ಶಾಲೆ ಕಂಪೆನಿಯದು, ಸತ್ತರೆ ಹೂಳುವ ಜಾಗವೂ ಕಂಪೆನಿಯದು. ಮುಷ್ಕರ ಹೂಡಿದ ವರ್ಷ ಮನೆಗಳಿಂದ ಹೊರಹಾಕಿದರು. ಇಡೀ ಚಳಿಗಾಲ ಹೆಂಗಸರು ಡೇರೆಗಳಲ್ಲಿ ಹೆತ್ತರು. ಆಮೇಲೆ ಒಳ್ಳೆಯ ಕಾಲ ಬಂತು: ಬ್ಯಾಂಕು, ಹೋಟೆಲು, ಸಿನಿಮಾ ಮಂದಿರ. ಆಮೇಲೆ ಡೀಸೆಲ್ ಇಂಜಿನ್ ಬಂತು. ನೀರು ಕುಡಿಯಲು ಅಲ್ಲಿ ನಿಲ್ಲುತ್ತಿದ್ದ ಉಗಿಬಂಡಿಗಳು ಹೋದವು, ಅವುಗಳ ಜೊತೆ ಅರ್ಧ ಊರು ಹೋಯಿತು. ಬಿಳಿಯ ಡಾಕ್ಟರು ಯಾರೂ ಆ ಕಡೆ ತಲೆ ಹಾಕದ ಕಾಲದಲ್ಲಿ ಡಾಕ್ಟರ್ ಐತಪ್ಪ ಬಂದರು. "ಅದು ನಾನು" ಎಂದು ಇವರು ಎದೆ ಮುಟ್ಟಿಕೊಳ್ಳುತ್ತಾರೆ. ಹೌದು ಮಾರಾಯರೆ, ಅದು ನೀವೇ.

ಸೆಪ್ಟೆಂಬರ್ 8

ಚೌತಿ ಮುಗಿಯಿತು. ಕಡುಬು ಮಾಡಿದೆ, ಇವರು ಮೂರು ತಿಂದರು. ನಿನ್ನೆ ಸಂಜೆ ಕಥೆ 1971ರ ಡಿಸೆಂಬರಿಗೆ ಬಂದು ನಿಂತಿತ್ತು. ಇವತ್ತು ಮುಂದುವರಿಸಿದೆ. ಹೇಳಬಾರದಿತ್ತು.

ಬೆಳಗಿನ ಪಾಳಿಯವರು ಒಳಗಿದ್ದಾಗ ಗಣಿ ಸಿಡಿಯಿತು. ಸೈರನ್ ಕೂಗಿತು. ಇವರು ಓಡಿದರು. ನಾಲ್ಕು ದಿನ ಹಿಮದಲ್ಲಿ ಗಣಿಯ ಬಾಯಿಯ ಹತ್ತಿರ ನಿಂತರು, ಯಾರಾದರೂ ಉಸಿರಾಡುತ್ತ ಬರಬಹುದೆಂದು. ಒಬ್ಬರೂ ಬರಲಿಲ್ಲ. ಹೊತ್ತು ತಂದ ಒಂದೊಂದು ಹೆಣದ ಎದೆಗೂ ಇವರು ಕಿವಿಯಿಟ್ಟು ಕೇಳಿದರು. ಕ್ಲೈನ್ ಅಜ್ಜಿಯ ಮಗ ಡೆಲ್ಬರ್ಟ್ ಒಳಗಿದ್ದ. ಇವರಿಗೆ ಮಂಜಿನ ಮೇಲೆ ಕಾರು ಓಡಿಸಲು ಕಲಿಸಿದವನು, ಇವರ ಒಬ್ಬನೇ ಗೆಳೆಯ. ತನ್ನ ಮಗ ಒಳಗಿರುವಾಗ ಆ ಮುದುಕಿ ನನ್ನ ಮೂರು ವರ್ಷದ ದೀಪೇಶನನ್ನು ಎತ್ತಿಕೊಂಡು, "ನೀನು ಹೋಗು, ಅವನ ಹತ್ತಿರ ನಿಲ್ಲು" ಎಂದಳು. ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಂಡು ಹೋದೆ. ಆವರೆಗೆ ನಾವಿಬ್ಬರೂ ಒಂದೇ ಮನೆಯ ಬಾಡಿಗೆದಾರರ ಹಾಗಿದ್ದೆವು. ಮಗು ಹುಟ್ಟಿತ್ತು, ಅದು ಬೇರೆ ಮಾತು. ಇವರು ಅಲ್ಲಿಯವರೆಗೆ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಇಷ್ಟು ಹೇಳುವುದರೊಳಗೆ ಇವರು ಎದ್ದು ಬಾಗಿಲಿಗೆ ಡಿಕ್ಕಿ ಹೊಡೆದರು. ಹಣೆ ಒಡೆಯಿತು. ರಕ್ತ ಒರೆಸುತ್ತಿದ್ದರೆ "ಸುಗಂಧಿ, ಡೆಲ್ಬರ್ಟ್ ಬಂದನಾ ನೋಡು" ಎಂದು ಮಗುವಿನ ಹಾಗೆ ಅತ್ತರು.

ಸೆಪ್ಟೆಂಬರ್ 9

ನಮ್ಮಮ್ಮ ಬದುಕಿದ್ದರೆ ನನ್ನ ಬಾಯಿಗೆ ಬರೆ ಎಳೆಯುತ್ತಿದ್ದಳು. ಕಾಪುವಿನ ಮನೆಯಲ್ಲಿ ಅಶುಭದ ಮಾತು ಬಾಯಿಂದ ಹೊರಡುವಂತಿರಲಿಲ್ಲ. ಅಕ್ಕಿ ಮುಗಿದರೆ ಅಕ್ಕಿ ತುಂಬಿತು ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು. ಕಾಯಿಲೆಯವರು ಮಲಗಿದ ಕೋಣೆಯಲ್ಲಂತೂ ಸಾವು, ಹೆಣ ಎಂದರೆ ಚಟ್ಟುಗ ಎತ್ತುತ್ತಿದ್ದಳು. ಆಡಿದ್ದು ಮನೆಯೊಳಗೆ ಬಂದು ಕೂರುತ್ತದೆ ಎನ್ನುತ್ತಿದ್ದಳು. ನಾನು ಓದಿದವಳೆಂದು ಇದನ್ನೆಲ್ಲ ಮರೆತು, ಕಾಯಿಲೆಯ ಮನುಷ್ಯನ ಮುಂದೆ ಹೆಣಗಳ ಸಾಲು ಹಾಕಿದೆ.

ಇನ್ನು ಹೇಳುವುದಿಲ್ಲ. ಡಿಸೆಂಬರ್ ಬಂತು, ಹಿಮ ಬಿತ್ತು, ಹೋಯಿತು, ವಸಂತ ಬಂತು. ಮುಗಿಯಿತು.

ಸೆಪ್ಟೆಂಬರ್ 24

ಅಮ್ಮ ಗೆದ್ದಳು. ಹದಿನೈದು ದಿನದಿಂದ ಒಂದು ಸಲವೂ ಓಡಿಲ್ಲ. ಇವತ್ತು ಎರಡು ಫೈರ್ ಇಂಜಿನ್‌ಗಳು ನಮ್ಮ ಬೀದಿಯಲ್ಲೇ ಹೋದವು. ಇವರು ತಲೆಯೆತ್ತಿ ನೋಡಿ, ಮತ್ತೆ ಚಹಾಕ್ಕೆ ಬಿಸ್ಕತ್ತು ಅದ್ದಿದರು. ನಿದ್ದೆ ಚೆನ್ನಾಗಿ ಬರುತ್ತಿದೆ, ಮೈಕೈ ತುಂಬಿಕೊಳ್ಳುತ್ತಿದೆ.

ಕಥೆಯಲ್ಲಿ ಡೆಲ್ಬರ್ಟ್ ಫೋರ್‌ಮನ್ ಆಗಿದ್ದಾನೆ. "ಅವನಿಗೆ ಆ ಯೋಗ್ಯತೆ ಉಂಟು" ಎಂದು ಇವರು ತಲೆಯಾಡಿಸಿದರು. ಮುಂದೆ ಊರಿಗೆ ಏನಾಯಿತು ಎಂದು ಕೇಳುತ್ತಾರೆ. ನಿಜವಾಗಿ ಆದದ್ದು ಹೇಳಿದರೆ ಗಣಿ ಮುಚ್ಚಿತು, ಶಾಲೆ ಮುಚ್ಚಿತು, ನಾವೂ ಗಂಟುಮೂಟೆ ಕಟ್ಟಿದೆವು. ಅದನ್ನು ಯಾರು ಹೇಳುತ್ತಾರೆ? ಆಸ್ಪತ್ರೆಗೆ ಅಡಿಪಾಯ ಹಾಕಿಸಿದೆ.

ಅಕ್ಟೋಬರ್ 6

ಮರುಭೂಮಿಯ ಕಡೆಯ ಬಿಸಿಗಾಳಿ ಶುರುವಾಗಿದೆ. ಮೈ ಮೇಲಿನ ಚರ್ಮ ಕಾಗದವಾಗಿದೆ. ಇವರು ಈಚೆಗೆ ತುಂಬ ಮರ್ಯಾದಸ್ಥರಾಗಿದ್ದಾರೆ. ಊಟಕ್ಕೆ ಕರೆದರೆ "ಬಂದೆ, ನಿಮಗೆ ತೊಂದರೆ ಕೊಟ್ಟೆ" ಎನ್ನುತ್ತಾರೆ. ಮೂವತ್ತು ವರ್ಷ ಉಪ್ಪು ಕಡಿಮೆಯೆಂದು ಮುಖ ಸಿಂಡರಿಸಿದವರು ಈಗ ತಟ್ಟೆಯನ್ನು ತಾವೇ ಸಿಂಕಿಗೆ ತಂದು ಹಾಕಿ ಥ್ಯಾಂಕ್ಸ್ ಹೇಳುತ್ತಾರೆ. ಕಾಯಿಲೆಯಿಂದ ಇಷ್ಟಾದರೂ ಒಳ್ಳೆಯದಾಯಿತು.

ಅಕ್ಟೋಬರ್ 13

ತರಕಾರಿಗೆ ಹೋಗುವಾಗ ಇವರ ಹತ್ತಿರ ಕೂರಲು ವಂದನಾಳನ್ನು ಕರೆದಿದ್ದೆ. ನಾನು ಬಂದಾಗ ಅವಳು ನಗುತ್ತಿದ್ದಳು. "ಆಂಟಿ, ಅಂಕಲ್ ಏನ್ ಹೇಳಿದ್ರು ಗೊತ್ತಾ? ಮುಂದಿನ ತಿಂಗ್ಳು ಅವ್ರ ವೈಫ್ ಇಂಡಿಯಾದಿಂದ ಬರ್ತಿದಾರಂತೆ, ಸ್ಟೇಷನ್‌ಗೆ ಹೋಗ್ಬೇಕಂತೆ. ಕರ್ಟನ್ ಯಾವ ಕಲರ್ ಹಾಕ್ಸಿದ್ರೆ ಇಷ್ಟ ಆಗತ್ತೆ ಅಂತ ನನ್ನ ಕೇಳ್ತಿದ್ರು."

ನಾನೂ ನಕ್ಕೆ. ಕಥೆಯಲ್ಲಿ ಮೊನ್ನೆ ಸ್ಟೇಷನ್ನನ್ನು ದೊಡ್ಡದು ಮಾಡಿದ್ದೆ, ಅದು ತಲೆಯಲ್ಲಿ ಕೂತಿರಬೇಕು. ವಂದನಾಳಿಗೆ ಕಥೆಯ ಹಿಂದುಮುಂದು ಗೊತ್ತಿಲ್ಲ. ಇದನ್ನು ದೀಪೇಶನಿಗೆ ಹೇಳುವ ಅಗತ್ಯವಿಲ್ಲ ಎಂದು ಅವಳಿಗೆ ಹೇಳಿ ಕಳಿಸಿದೆ.

ಅಕ್ಟೋಬರ್ 17

ಸೇತುವೆ ಇನ್ನೂ ಆಗಿಲ್ಲ. ಹಳ್ಳ ಉಕ್ಕಿದರೆ ಆಚೆ ಸಾಲಿನವರು ಆಸ್ಪತ್ರೆಗೆ ಹೇಗೆ ಬರುತ್ತಾರೆ? ಬೆಳಿಗ್ಗೆಯಿಂದ ಅದೇ ಯೋಚನೆ. ಅನ್ನ ಸೀದುಹೋಯಿತು.

ಅಕ್ಟೋಬರ್ 21

ಕಲ್ಲಿನ ಸೇತುವೆಯೇ ಸರಿ. ಇವರೂ ಒಪ್ಪಿದರು. ದೀಪೇಶ್ ಎರಡು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ, ಇಬ್ಬರೂ ಸಿನಿಮಾ ಮಂದಿರಕ್ಕೆ ಮತ್ತೆ ಬಣ್ಣ ಹೊಡೆಸುತ್ತಿದ್ದೆವು. ನಮ್ಮೂರಿನಲ್ಲಿ ಈಗ ಎಷ್ಟು ಕೆಲಸ. ಪೊವೇಯಲ್ಲಿ ಏನಿದೆ, ಬಿಸಿಗಾಳಿ ಮತ್ತು ಪಾರ್ಕಿಂಗ್ ಲಾಟು.

ಅಕ್ಟೋಬರ್ 30. ದೀಪಾವಳಿ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ಯಾರಿಗೆ ಹೇಳಲಿ.

ದೀಪೇಶ್ ಬಂದಿದ್ದ. ಅಪ್ಪನನ್ನು ನೋಡಿ ಅವನಿಗೆ ಖುಷಿಯೋ ಖುಷಿ. ಮೈ ತುಂಬಿದೆ, ಅಂಗಿ ಶುಭ್ರವಾಗಿದೆ, ಸೈರನ್‌ಗೆ ಹೆದರುವುದಿಲ್ಲ. ನಾನು ಉದ್ದಿನ ದೋಸೆ ಹೊಯ್ಯುತ್ತಿದ್ದೆ, ಹೆಮ್ಮೆಯಿಂದಲೇ ಹೊಯ್ಯುತ್ತಿದ್ದೆ. ಆಗ ಅವನು ಸುಮ್ಮನೆ, ತಮಾಷೆಗೆ ಎನ್ನುವ ಹಾಗೆ, ನನ್ನನ್ನು ತೋರಿಸಿ ಇವರು ಯಾರು ಡ್ಯಾಡಿ ಎಂದು ಕೇಳಿದ.

ಇವರು ಎದ್ದು ನಿಂತರು, ನನ್ನ ಕಡೆ ತಲೆ ಬಾಗಿಸಿದರು. "ಇವರು ತುಂಬ ಒಳ್ಳೆಯವರು. ನಮ್ಮ ಊರಿನ ಕಥೆ ಎಲ್ಲ ಇವರಿಗೆ ಗೊತ್ತುಂಟು. ನನ್ನ ಹೆಂಡತಿ ಬಂದ ಮೇಲೆ ಪರಿಚಯ ಮಾಡಿಸಬೇಕು, ಅವಳಿಗೆ ಪಾಪ ಇಲ್ಲಿ ಯಾರೂ ಗೊತ್ತಿಲ್ಲ."

ದೋಸೆ ಕಾವಲಿಯ ಮೇಲೆ ಕರಟಿತು. ದೀಪೇಶ್ ನನ್ನನ್ನು ನೋಡಿದ. ಗುರುತು ಹೋದ ದಿನ ಎಂದು ನಾನೇ ಹಾಕಿದ ಕರಾರು.

ಆಗ ನನಗೆ ಹೊಳೆಯಿತು. ಇಷ್ಟು ದಿನ ಎದುರಿಗೇ ಇತ್ತು, ಕಾಣಲಿಲ್ಲ. ಇವರು ನನ್ನ ಹೆಸರು ಹೇಳುತ್ತಿದ್ದದ್ದು ಓಡಿ ಹೋದಾಗ ಮಾತ್ರ. ಆ ಹಿಮದಲ್ಲಿ, ಆ ಗಣಿಯ ಬಾಯಲ್ಲಿ ಮಾತ್ರ ನಾನು ಇವರಿಗೆ ಸಿಗುತ್ತಿದ್ದೆ. ಅದನ್ನು ಅಶುಭವೆಂದು ಕಿತ್ತೆಸೆದೆ. ಅದರ ಜೊತೆ ನಾನೂ ಹೋದೆ.

ಒಲೆ ಆರಿಸಿ ಬಂದು ಇವರ ಎದುರು ಮಂಡಿಯೂರಿ ಕೂತೆ. "ಗಣಿ ಸಿಡಿಯಿತು" ಎಂದೆ. "ಡಿಸೆಂಬರಿನಲ್ಲಿ. ಡೆಲ್ಬರ್ಟ್ ಒಳಗಿದ್ದ. ನೀವು ಓಡಿದಿರಿ." ದೀಪೇಶ್ ಬೇಡಮ್ಮ ಎಂದ, ಕನ್ನಡದಲ್ಲಿ. ನಾನು ನಿಲ್ಲಿಸಲಿಲ್ಲ. ಹೆಣಗಳನ್ನು ಒಂದೊಂದಾಗಿ ಹೊರಗೆ ತಂದೆ. ಇವರ ಮುಖ ಬಿಳಿಚಿಕೊಂಡಿತು, ಬಾಯಿ ತೆರೆಯಿತು, ನಾನು ಆವರೆಗೆ ಕೇಳದಂಥ ಕೂಗೊಂದು ಹೊರಟಿತು. ದೀಪೇಶ್ ಹಿಡಿದುಕೊಳ್ಳದಿದ್ದರೆ ಗಾಜಿನ ಬಾಗಿಲು ಒಡೆದು ಹೋಗುತ್ತಿದ್ದರು. ಪಂಚೆ ಒದ್ದೆಯಾಯಿತು. ನನ್ನ ಎರಡೂ ಕೈ ಹಿಡಿದು "ಸುಗಂಧಿ, ಸುಗಂಧಿ, ಎಷ್ಟು ಜನ ಬಂದ್ರು?" ಎಂದರು.

ನನಗೆ ಸಂತೋಷವಾಯಿತು. ಅವರು ಹಾಗೆ ನಡುಗುತ್ತಿರುವಾಗ ನನಗೆ ಸಂತೋಷವಾಯಿತು.

ದೀಪೇಶ್ ಅವರನ್ನು ತೊಳೆದು, ಬಟ್ಟೆ ಬದಲಾಯಿಸಿ, ಮಲಗಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದ: ಸರಿ ಅಮ್ಮ, ಅವರಿಗೆ ನಿನ್ನ ಗುರುತಿದೆ. ನಾನು ಕೊಟ್ಟ ಮಾತು ತಪ್ಪುವುದಿಲ್ಲ. ಹಣತೆಗಳನ್ನು ಯಾರೂ ಹಚ್ಚಲಿಲ್ಲ.

ನವೆಂಬರ್ 2

ನನ್ನನ್ನು ಬಿಡುವುದಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಸುಗಂಧಿ ಎನ್ನುತ್ತಾರೆ. ಹೊಸ ಮದುವೆಯಲ್ಲಿ ಇಷ್ಟು ಕರೆದಿದ್ದರೆ ನಾನು ಆ ಊರನ್ನು ಅಷ್ಟು ದ್ವೇಷಿಸುತ್ತಿರಲಿಲ್ಲ.

ಊಟ ಮಾಡುತ್ತಿಲ್ಲ.

ನವೆಂಬರ್ 5

ಸೋಫಾದ ದಿಂಬನ್ನು ನೆಲದ ಮೇಲಿಟ್ಟು ಅದರ ಎದೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಇನ್ನೊಂದು ದಿಂಬು. ಮನೆಯಲ್ಲಿದ್ದ ದಿಂಬುಗಳೆಲ್ಲ ಮುಗಿದವು. ನನ್ನ ಕಡೆ ತಿರುಗಿ ಇಲ್ಲವೆಂದು ತಲೆಯಾಡಿಸಿದರು. ಅವತ್ತು ಗಣಿಯ ಬಾಯಲ್ಲಿ ಆಡಿಸಿದ್ದು ಹೀಗೆಯೇ, ನನ್ನ ಕಡೆಗೇ.

ನವೆಂಬರ್ 6

ಇನ್ನು ಸಾಧ್ಯವಿಲ್ಲ. ನನ್ನ ಹೆಸರು ಕೇಳುವ ಆಸೆಗೆ ಈ ಮನುಷ್ಯನನ್ನು ದಿನಾ ಆ ಹಿಮದಲ್ಲಿ ನಿಲ್ಲಿಸಲಾರೆ. ಸಂಜೆ ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿ, ಮೊದಲಿನಿಂದ ಶುರು ಮಾಡಿದೆ. ಒಂದು ಹಳ್ಳ. ನಾಲ್ಕು ಗುಡಿಸಲು. ವೆಬರನ ಜೋಳ.

ಕೇಳಲಿಲ್ಲ. ನಾಲ್ಕು ಸಲ ಎದ್ದರು. ನಾನೂ ಬಿಡಲಿಲ್ಲ.

ನವೆಂಬರ್ 14

ರೈಲು ಬಂತು. ಅಂಗಡಿ ಬಂತು. ಕುಡುಕ ಪಕ್ಕದ ಮನೆಯಲ್ಲಿ ಮಲಗಿ ಎದ್ದ. ಇವರು ನಕ್ಕರು. ಎರಡು ತುತ್ತು ಹೆಚ್ಚಿಗೆ ಉಂಡರು.

ನಾಳೆ ಡಿಸೆಂಬರ್ ಬರುತ್ತದೆ. ಕಳೆದ ಸಲ ದಾಟಿಸುವಾಗ ಏನು ಬಿಟ್ಟುಹೋಗುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಇವತ್ತು ಮಲಗುವ ಮುಂಚೆ ಹೆಸರು ಹಿಡಿದು ಕರೆದರು, ನೀರು ಬೇಕೆಂದು. ಕೊಟ್ಟೆ. ಇನ್ನೊಮ್ಮೆ ಕರೆಯುತ್ತಾರೇನೋ ಎಂದು ಅಲ್ಲೇ ನಿಂತಿದ್ದೆ. ನಿದ್ದೆ ಬಂದಿತ್ತು.

ನವೆಂಬರ್ 15

ಹಿಮ ಬಿತ್ತು, ಹೋಯಿತು, ವಸಂತ ಬಂತು.

ನವೆಂಬರ್ 23

ಬೆಳಿಗ್ಗೆ ಕಾಫಿ ಕೊಟ್ಟೆ. "ನಿಮಗೆ ತೊಂದರೆ ಆಯ್ತು" ಎಂದರು.

ದೀಪೇಶನಿಗೆ ಫೋನ್ ಮಾಡಿದೆ. "ಕರೆದುಕೊಂಡು ಹೋಗು, ಅವರಿಗೆ ನನ್ನ ಗುರುತು ಹೋಗಿದೆ" ಎಂದೆ. ಆ ಕಡೆ ಮೂಗೆಳೆಯುವುದು ಕೇಳಿತು. ಅಳುತ್ತಿದ್ದ. ಮೂರು ವರ್ಷದವನಿದ್ದಾಗಲೂ ಹೀಗೆ ಸದ್ದಿಲ್ಲದೆ ಅಳುತ್ತಿದ್ದ.

ಡಿಸೆಂಬರ್ 9

ವುಡ್‌ಲ್ಯಾಂಡ್ ಹಿಲ್ಸ್‌ನ ಹೋಮಿಗೆ ಸೇರಿಸಿ ಆಯಿತು. ಕೋಣೆಗೆ ಒಳ್ಳೆಯ ಬೆಳಕಿದೆ. ಅಲ್ಲಿನ ನರ್ಸಿಗೆ ಊರಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ, ಸಂಜೆ ಹಟ ಮಾಡಿದರೆ ಇದನ್ನು ಹೇಳಿ ಎಂದು. ಫಿಲಿಪೀನ್ಸ್‌ನ ಹೆಂಗಸು, ತಾಳ್ಮೆಯಿಂದ ಕೇಳಿದಳು. ನಿಜವಾಗಿ ಇದೆಯೇ ಆ ಊರು ಎಂದು ಕೇಳಿದಳು. ಇದೆ ಎಂದೆ. ಅಲ್ಲಿ ಅಪಘಾತ ಏನಾದರೂ ಆಗಿತ್ತೇ ಎಂದು ಇವರು ಕೇಳಿದರೆ ಇಲ್ಲ ಎನ್ನಬೇಕೆಂದು ಮೂರು ಸಲ ಹೇಳಿದೆ.

ಪೊವೇಗೆ ಡ್ರೈವ್ ಮಾಡಿಕೊಂಡು ಒಬ್ಬಳೇ ಬಂದೆ. ಪಕ್ಕದ ಸೀಟಿನ ಬೆಲ್ಟನ್ನು ಅಭ್ಯಾಸಬಲದಿಂದ ಹಾಕಿದ್ದೆ, ಮನೆಗೆ ಬಂದ ಮೇಲೆ ನೋಡಿದೆ.

ಜನವರಿ 18, 1998

ಭಾನುವಾರ. ಮಳೆಯಲ್ಲಿ ಫ್ರೀವೇ ತುಂಬ ನಿಂತ ಕಾರು, ತಲುಪುವಾಗ ಮಧ್ಯಾಹ್ನವಾಗಿತ್ತು. ಇವರು ಕ್ಷೌರ ಮಾಡಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ನನ್ನನ್ನು ನೋಡಿ ಎದ್ದು ಕುರ್ಚಿ ತೋರಿಸಿದರು. "ಊರಿಗೆ ಹೊಸಬರಾ?" ಎಂದು ಕೇಳಿದರು.

"ಹೌದು ಡಾಕ್ಟ್ರೇ" ಎಂದೆ.

ಹಾಗಾದರೆ ಎಂದು ಕಾಲು ಚಾಚಿಕೊಂಡು ಶುರುಮಾಡಿದರು. ಮೊದಲು ಇಲ್ಲಿ ಒಂದು ಹಳ್ಳ ಮಾತ್ರ ಇದ್ದದ್ದು. ಸರ್ವೆಯವರು ಬಂದರು, ವೆಬರನ ಗದ್ದೆಯ ಮೇಲೆ ಹಳಿ ಬಿತ್ತು. ಒಂದೂ ಬಿಡದೆ ಹೇಳಿದರು. ನನ್ನ ಕಲ್ಲಿನ ಸೇತುವೆ ಹೇಳಿದರು, ಆಸ್ಪತ್ರೆ ಹೇಳಿದರು, ಡೆಲ್ಬರ್ಟನ ಮಗಳ ಮದುವೆ ಹೇಳಿದರು. ಆ ಮದುವೆ ನಾನು ಮಾಡಿಸಿದ್ದಲ್ಲ, ಅವರೇ ಮಾಡಿಸಿದ್ದು.

"ಗಣಿಯ ಊರು. ಹೆದರಿಕೆ ಇಲ್ವಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಇಲ್ಲಿ ಕೆಟ್ಟದ್ದು ಎಂತದೂ ಆಗಲಿಲ್ಲ ಅಮ್ಮ" ಎಂದರು. "ನಾನು ಬಂದ ಮೇಲೆ ಒಬ್ಬನೂ ಒಳಗೆ ಉಳಿದದ್ದಿಲ್ಲ. ನೀವು ಧೈರ್ಯದಲ್ಲಿ ಇರಿ. ನಿಮ್ಮ ಯಜಮಾನರು ಗಣಿಯಲ್ಲಿ ಕೆಲಸಕ್ಕಾ?"

ಹೌದೆಂದೆ.

"ಹಾಗಾದ್ರೆ ಒಮ್ಮೆ ಎದೆ ತೋರಿಸಿಕೊಂಡು ಹೋಗಲಿ. ಯಾವಾಗ ಕರಕೊಂಡು ಬರ್ತೀರಿ?"

ಮುಂದಿನ ಭಾನುವಾರ ಕರೆದುಕೊಂಡು ಬರುತ್ತೇನೆಂದು ಹೇಳಿ ಬಂದೆ.